ಅತ್ತೆಯವರ ಜೊತೆ ಶಿಮ್ಲಾಕ್ಕೆ

“ಅತ್ತೆಯವರನ್ನು ಮೈಸೂರಿನಲ್ಲಿ ನಾದಿನಿಯ ಮನೆಗೆ ಬಿಟ್ಟು ನಾವು ನಾಲ್ಕು ಜನವೇ ಹೋಗಿಬರೋಣ” ಅಂತ ಬಾಯಿ ಬಿಟ್ಟವಳು ನಾನೇ. ಇದನ್ನು ಮುಚ್ಚಿಟ್ಟು ಶಿಮ್ಲಾದ ಕಥೆ ಬರೆದರೆ ಅರ್ಧ ಸುಳ್ಳು ಬರೆದಂತಾಗುತ್ತದೆ. ಅದಕ್ಕೇ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮವರು ಅಂಚೆ ಇಲಾಖೆಯಲ್ಲಿದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಸಂಸಾರ ಸಮೇತ ಹೋಗಿಬರಲು ಸರ್ಕಾರ ರೈಲಿನ ಖರ್ಚು ಕೊಡುತ್ತದೆ. ಅದಕ್ಕೆ ಎಲ್.ಟಿ.ಸಿ. ಅನ್ನುತ್ತಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದ್ದರೂ ನಾವು ಅದನ್ನು ಬಳಸಿಕೊಂಡದ್ದು ಒಂದೇ ಸಲ, ಕನ್ಯಾಕುಮಾರಿಗೆ. ಪ್ರತಿ ಸಲವೂ ಏನಾದರೊಂದು ಅಡ್ಡ. ಮನೆ ಕಟ್ಟಿದ ಸಾಲ, ಮಕ್ಕಳ ಪರೀಕ್ಷೆ, ಮಾವನವರ ಕಾಯಿಲೆ... 2019ರ ಕೊನೆಯಲ್ಲಿ ಮಗಳು ಹಟ ಹಿಡಿದಳು. ಅವಳಿಗೆ ಕಾಲೇಜಿಗೆ ರಜೆ. “ಅಮ್ಮಾ, ಜನವರಿಯಲ್ಲೇ ಹೋಗಬೇಕು. ಬೇಸಿಗೇಲಿ ಹೋದ್ರೆ ಹಿಮ ಎಲ್ಲಿರುತ್ತೆ?” ಎಂಟನೆಯ ತರಗತಿಯ ಮಗನಿಗೆ ಹೆಡ್‌ಮಾಸ್ತರರ ಬಳಿ ರಜೆ ಕೇಳಿದ್ದಾಯಿತು. ನಾನಂತೂ ಹಿಮವನ್ನು ಕಂಡಿದ್ದು ಸಿನಿಮಾದಲ್ಲಿ ಮತ್ತು ಫ್ರಿಜ್ಜಿನಲ್ಲಿ.

ಆಗ ಅತ್ತೆಯವರಿಗೆ ಎಪ್ಪತ್ತನಾಲ್ಕು ವರ್ಷ. ನಡುಮನೆಯಲ್ಲಿ ಹೂ ಕಟ್ಟುತ್ತಾ ಕೂತವರು ನಮ್ಮ ಮಾತೆಲ್ಲ ಕೇಳಿಸಿಕೊಂಡು, “ನಾನೂ ಬರ್ತೀನಿ ಕಣೇ. ಹಿಮಾಲಯ ಅಂದ್ರೆ ಪಾರ್ವತಿ ತೌರುಮನೆ. ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ನೋಡ್ಬೇಕು” ಅಂದುಬಿಟ್ಟರು. ಅವಲಂಬಿತ ತಾಯಿಗೂ ಎಲ್.ಟಿ.ಸಿ. ಸಿಗುತ್ತದೆ ಅಂತ ನಮ್ಮವರು ಬೇರೆ ಸೇರಿಸಿದರು. ನನಗೆ ಎದೆ ಧಸಕ್ಕೆಂದಿತು. ಸೋದರಿಯರೇ, ನನ್ನನ್ನು ಕೆಟ್ಟವಳು ಅಂದುಕೊಳ್ಳಬೇಡಿ. ನಮ್ಮತ್ತೆಯವರು ಒಳ್ಳೆಯವರೇ. ಆದರೆ ದಿನಕ್ಕೆ ಹತ್ತು ಸಲ ಗೊಣಗುತ್ತಾರೆ. ತಲೆನೋವು, ಗ್ಯಾಸು, ಬೆನ್ನು ಹಿಡಿದಿದೆ, ಕಾಲು ಸೆಳೆಯುತ್ತೆ. ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿಹೋಗಿತ್ತು. ಇಪ್ಪತ್ತೆರಡು ವರ್ಷಕ್ಕೆ ಒಂದು ವಾರ ಸಿಕ್ಕಿದೆ, ಅದರಲ್ಲೂ ಇವರ ಕಷಾಯ ಕಾಸುತ್ತಾ ಕೂರಬೇಕೇ ಅಂತ ಅನ್ನಿಸಿದ್ದು ನಿಜ. ಮೂರು ದಿನ ಮನೆಯಲ್ಲಿ ಮಾತು ಬಿಗಿಯಾಯಿತು. ಕೊನೆಗೆ ಐದು ಟಿಕೆಟ್ಟೇ ಆಯಿತು.

ಸಿದ್ಧತೆ ಕೇಳಬೇಡಿ! ತಿಪಟೂರಿನಲ್ಲಿ ಉಲ್ಲನ್ ಬಟ್ಟೆ ಎಲ್ಲಿ ಸಿಗಬೇಕು? ಬೆಂಗಳೂರಿನಲ್ಲಿ ಸ್ವೆಟರು, ಟೋಪಿ, ಒಳಗೆ ಹಾಕುವ ಬೆಚ್ಚನೆಯ ಜೊತೆಬಟ್ಟೆ ಕೊಂಡೆವು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ, ಕಾಫಿಪುಡಿ ಮತ್ತು ಫಿಲ್ಟರು ಕಟ್ಟಿಕೊಂಡೆ. ಅತ್ತೆಯವರು ತಮ್ಮ ಚೀಲದಲ್ಲಿ ಹತ್ತು ಬಟ್ಟಲು ಕೊಬ್ಬರಿ ತುರುಕಿದರು. “ಹೋದ ಮನೆಗೆ ಬರಿಗೈಲಿ ಹೋಗಬಾರದು” ಅಂದರು. ಬಾಡಿಗೆ ಕೋಣೆಗೆ ಯಾರಾದರೂ ಕೊಬ್ಬರಿ ಒಯ್ಯುತ್ತಾರೆಯೇ ಅಂತ ನಾನು ಒಳಗೇ ನಕ್ಕೆ.

2020ರ ಜನವರಿ 2ರ ಸಂಜೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಎರಡು ರಾತ್ರಿ ರೈಲಿನಲ್ಲೇ. ಆಗ್ರಾ ದಾಟುವಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಿಟಕಿಗೆ ಬಿಳಿ ಪಂಚೆ ಕಟ್ಟಿದ ಹಾಗಿತ್ತು. ದೆಹಲಿಯಲ್ಲಿ ಇಡೀ ಹಗಲು ಕಾದು ರಾತ್ರಿ ಕಾಲ್ಕಾ ಮೇಲ್ ಹಿಡಿದೆವು. ಆಗಿನ್ನೂ ಅದಕ್ಕೆ ಅದೇ ಹೆಸರು. 2021ರಲ್ಲಿ ನೇತಾಜಿ ಎಕ್ಸ್‌ಪ್ರೆಸ್ ಎಂದು ಬದಲಾಯಿಸಿದರು.

ಕಾಲ್ಕಾದಿಂದ ಶಿಮ್ಲಾಕ್ಕೆ ಬೇರೆಯದೇ ಪುಟ್ಟ ರೈಲು. ಹಳಿಗಳ ನಡುವೆ ಎರಡೂವರೆ ಅಡಿ ಅಷ್ಟೇ! ದೇವರ ರಥವನ್ನು ಮಕ್ಕಳಿಗೆ ಆಟಕ್ಕೆ ಮಾಡಿಕೊಟ್ಟ ಹಾಗಿದೆ. ದಾರಿ ಸುಮಾರು 96 ಕಿಲೋಮೀಟರು, ಅದಕ್ಕೆ ಐದು ಗಂಟೆಗೂ ಹೆಚ್ಚು ಹೊತ್ತು. 1903ರಲ್ಲಿ ಬ್ರಿಟಿಷರು ಹಾಕಿದ ದಾರಿ ಇದು. ಬೇಸಿಗೆ ಬಂದರೆ ಇಡೀ ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಿತ್ತಲ್ಲ, ಅದಕ್ಕೆ. 2008ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಮಗ ಸುರಂಗಗಳನ್ನು ಎಣಿಸುತ್ತಾ ಕೂತ. ಕೊನೆಯ ಸುರಂಗದ ಮೇಲೆ 103 ಅಂತ ಬರೆದಿತ್ತು, ಅವನ ಲೆಕ್ಕದಲ್ಲಿ ಒಂದು ಕಡಮೆ. “ಎಲ್ಲೋ ನಿದ್ದೆ ಮಾಡಿದ್ದೀಯ” ಅಂತ ಅಕ್ಕ ರೇಗಿಸಿದಳು. ಆಮೇಲೆ ತಿಳಿಯಿತು, 46ನೇ ಸುರಂಗ ಈಗ ಇಲ್ಲವೇ ಇಲ್ಲವಂತೆ, ಇರುವುದು 102. ಹುಡುಗನ ಲೆಕ್ಕವೇ ಸರಿ.

ಬರೋಗ್ ಎಂಬ ನಿಲ್ದಾಣದ ಪಕ್ಕದ 33ನೇ ಸುರಂಗ ಎಲ್ಲಕ್ಕಿಂತ ಉದ್ದ, ಒಂದು ಕಿಲೋಮೀಟರಿಗೂ ಹೆಚ್ಚು. ಬರೋಗ್ ಎಂಬ ಎಂಜಿನಿಯರ್ ಬೆಟ್ಟದ ಎರಡೂ ಕಡೆಯಿಂದ ಕೊರೆಸಿದನಂತೆ, ನಡುವೆ ಎರಡೂ ಕೂಡಲೇ ಇಲ್ಲವಂತೆ. ಸರ್ಕಾರ ಅವನಿಗೆ ಒಂದು ರೂಪಾಯಿ ದಂಡ ಹಾಕಿತು, ಅವಮಾನ ತಾಳದೆ ಜೀವ ಕಳೆದುಕೊಂಡ ಅಂತ ಜನ ಕಥೆ ಹೇಳುತ್ತಾರೆ. ಆಮೇಲೆ ಭಲ್ಕು ಎಂಬ ಆ ಬೆಟ್ಟದವನೇ ದಾರಿ ತೋರಿಸಿದನಂತೆ. ಕೇಳಿದ ಅತ್ತೆಯವರು, “ಪಾಪ, ಒಂದು ರೂಪಾಯಿಗೆ ಜೀವ ಕಳ್ಕೊಂಡನೇ” ಅಂತ ಬಹಳ ಹೊತ್ತು ಮರುಗಿದರು. ಮರುಕ್ಷಣವೇ, “ಕಿವಿ ಗುಂಯ್ ಅಂತದೆ ಕಣೇ” ಅಂತ ಶುರು. ಬೆಟ್ಟ ಹತ್ತುವಾಗ ಎಲ್ಲರಿಗೂ ಹಾಗೇ ಆಗುತ್ತದೆ. ನಾನು ಸುಮ್ಮನೆ ಕಿಟಕಿ ನೋಡುತ್ತಾ ಕೂತೆ.

ಶಿಮ್ಲಾ ಎಂದರೆ ಬೆಟ್ಟದ ಬೆನ್ನ ಮೇಲೆ ಬೊಂಬೆ ಹಬ್ಬದ ಮೆಟ್ಟಿಲಿನಂತೆ ಜೋಡಿಸಿಟ್ಟ ಊರು. ಸಮುದ್ರಕ್ಕಿಂತ ಸುಮಾರು 2200 ಮೀಟರು ಎತ್ತರ. ಒಂದು ಮನೆಯ ಅಂಗಳ ಕೆಳಗಿನ ಮನೆಯ ತಾರಸಿಗೆ ಸಮ. ಮೇಲಿನ ಮಾಲ್ ರಸ್ತೆಗೆ ಸಾಮಾನ್ಯರ ವಾಹನ ಬಿಡುವುದಿಲ್ಲ. ಕೆಳಗಿನ ಕಾರ್ಟ್ ರೋಡಿನಿಂದ ಮೇಲೆ ಬರಲು ಲಿಫ್ಟ್ ಇದೆ! ಊರಿಗೆ ಲಿಫ್ಟ್ ಇರುವುದನ್ನು ನಾನು ನೋಡಿದ್ದು ಇದೇ ಮೊದಲು. ನಮ್ಮ ಮೂರು ಪೆಟ್ಟಿಗೆಗಳನ್ನೂ ಒಬ್ಬನೇ ಕೂಲಿಯವನು ಹಗ್ಗದಿಂದ ಬೆನ್ನಿಗೆ ಬಿಗಿದುಕೊಂಡು ಹತ್ತಿದ. ಊರಿನ ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಬೀರುವೂ ಕೂಡ ಹೀಗೇ ಬೆನ್ನ ಮೇಲೇ ಮನೆ ಸೇರಬೇಕಂತೆ.

ನಾವು ಉಳಿದದ್ದು ಹೋಟೆಲಿನಲ್ಲಲ್ಲ. ಲಕ್ಕಡ್ ಬಜಾರಿನ ಕೆಳಗಡೆ ಒಂದು ಮನೆಯವರು ಎರಡು ಕೋಣೆ ಬಾಡಿಗೆಗೆ ಕೊಡುತ್ತಿದ್ದರು. ಮನೆಯೊಡತಿ ನನ್ನ ವಯಸ್ಸಿನವಳೇ. ನಾನು ‘ಭಾಭೀ’ ಅಂತ ಕರೆದೆ, ಅವಳು ‘ದೀದಿ’ ಅಂದಳು. ಅವಳಿಗೂ ಮನೆಯಲ್ಲಿ ಅತ್ತೆ. ಹೈಸ್ಕೂಲಿನಲ್ಲಿದ್ದಾಗ ಕಟ್ಟಿದ್ದ ಹಿಂದಿ ‘ಮಧ್ಯಮಾ’ ಪರೀಕ್ಷೆ ಮೂವತ್ತು ವರ್ಷದ ಮೇಲೆ ಕೆಲಸಕ್ಕೆ ಬಂತು ನೋಡಿ! ಅತ್ತೆಯವರು ಬಾಗಿಲಲ್ಲೇ ಚೀಲ ಬಿಚ್ಚಿ ಕೊಬ್ಬರಿ ಕೊಟ್ಟರು. ಆ ಮನೆಯ ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಿತು. ಆಮೇಲೆ ಈ ಇಬ್ಬರು ಅಜ್ಜಿಯರಿಗೆ ನಮ್ಮ ಅಗತ್ಯವೇ ಇರಲಿಲ್ಲ. ಇವರದು ಕನ್ನಡ, ಅವರದು ಪಹಾಡಿ. ದಿನವಿಡೀ ಮಾತು. ಏನು ಅರ್ಥವಾಯಿತೋ ದೇವರೇ ಬಲ್ಲ.

ಮೊದಲ ಸಂಜೆಯೇ ನನ್ನ ಕೊಬ್ಬರಿ ಎಣ್ಣೆಯ ಬಾಟಲಿ ಕಲ್ಲಾಗಿತ್ತು. ತಿಪಟೂರಿನವಳಿಗೆ ಇದಕ್ಕಿಂತ ಅವಮಾನ ಉಂಟೇ? ಭಾಭಿ ನಗುತ್ತಾ ಸಾಸಿವೆ ಎಣ್ಣೆ ಕೊಟ್ಟಳು. ಅಡಿಗೆಮನೆಯಲ್ಲಿ ಇನ್ನೂ ಎಷ್ಟೋ ಕಂಡೆ. ಅಷ್ಟು ಎತ್ತರದಲ್ಲಿ ನೀರು ನಮ್ಮ ಕಡೆಗಿಂತ ಕಡಮೆ ಶಾಖಕ್ಕೇ ಕುದಿಯುತ್ತದೆ. ಹಾಗಾಗಿ ಬರೀ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತಾದರೂ ಬೇಯದು, ಕುಕ್ಕರೇ ಬೇಕು. ರಾತ್ರಿ ಮಲಗುವ ಮುಂಚೆ ನಲ್ಲಿಯನ್ನು ಪೂರಾ ನಿಲ್ಲಿಸುವುದಿಲ್ಲ, ತೊಟ್ಟಿಕ್ಕಲು ಬಿಡುತ್ತಾರೆ. ನಿಂತ ನೀರು ಪೈಪಿನಲ್ಲೇ ಹೆಪ್ಪುಗಟ್ಟುತ್ತದಂತೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಹಗ್ಗದ ಮೇಲಿನ ಟವೆಲ್ಲು ಬೆಳಿಗ್ಗೆ ಹಪ್ಪಳದ ಹಾಗೆ ಸೆಟೆದು ನಿಂತಿತ್ತು.

ಮಾರನೆಯ ದಿನ, ಜನವರಿ 6, ವೈಕುಂಠ ಏಕಾದಶಿ. “ಹಬ್ಬದ ದಿನ ದೇವಸ್ಥಾನವಿಲ್ಲದ ಊರಿಗೆ ಕರ್ಕೊಂಡು ಬಂದ್ರಿ” ಅಂತ ಅತ್ತೆಯವರ ಗೊಣಗಾಟ ಶುರುವಾಗುವ ಮೊದಲೇ ಜಾಖೂ ಬೆಟ್ಟಕ್ಕೆ ಕರೆದೊಯ್ದೆವು. ಸಂಜೀವಿನಿ ತರಲು ಹೊರಟ ಹನುಮಂತ ಅಲ್ಲಿ ಇಳಿದಿದ್ದ ಅಂತ ನಂಬಿಕೆ. 2010ರಲ್ಲಿ ನಿಲ್ಲಿಸಿದ 108 ಅಡಿಯ ಹನುಮನ ಮೂರ್ತಿ ದೇವದಾರು ಮರಗಳಿಗಿಂತ ಮೇಲೆ ತಲೆಯೆತ್ತಿ ನಿಂತಿದೆ. 2017ರಿಂದ ಹಗ್ಗದ ಮೇಲೆ ಓಡುವ ರೋಪ್‌ವೇ ಆಗಿರುವುದರಿಂದ ವಯಸ್ಸಾದವರಿಗೂ ತೊಂದರೆಯಿಲ್ಲ. ಕೋತಿಗಳದು ಮಾತ್ರ ಹೇಳತೀರದ ಕಾಟ. ನಮ್ಮವರ ಕನ್ನಡಕ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೋಯಿತು. ಒಂದು ಪೊಟ್ಟಣ ಕಡಲೆ ಕೊಟ್ಟ ಮೇಲೆ ಅದು ಕನ್ನಡಕ ಬಿಸಾಕಿತು. ಲಂಚವಿಲ್ಲದೆ ಕೆಲಸವಾಗದು ಅಂತ ಅವರೇ ನಕ್ಕರು. ಹೋಗುವವರು ಕನ್ನಡಕ ಜೇಬಿನಲ್ಲಿಟ್ಟುಕೊಳ್ಳಿ.

ಸಂಜೆ ರಿಡ್ಜ್ ಮೈದಾನ, 1857ರಲ್ಲಿ ಮುಗಿದ ಹಳದಿ ಬಣ್ಣದ ಕ್ರೈಸ್ಟ್ ಚರ್ಚು, ಮಾಲ್ ರಸ್ತೆಯ ಅಂಗಡಿಗಳು. ನಾವು ನಡೆದಾಡುವ ಆ ಮೈದಾನದ ಕೆಳಗೇ ಊರಿಗೆ ನೀರು ಕೊಡುವ ದೊಡ್ಡ ತೊಟ್ಟಿ ಇದೆಯಂತೆ. ಕೊಳ್ಳುವವರು ಮಾಲ್ ರಸ್ತೆಯಲ್ಲಿ ನೋಡಿ, ಕೆಳಗಿನ ಲೋಯರ್ ಬಜಾರಿನಲ್ಲಿ ಕೊಳ್ಳಿ, ಚೌಕಾಸಿಗೆ ಅಲ್ಲಿ ಜಾಗವುಂಟು. ಏಳನೆಯ ತಾರೀಖು ವೈಸ್‌ರಾಯ್ ಅರಮನೆ ನೋಡಿದೆವು. 1888ರಲ್ಲಿ ಕಟ್ಟಿ ಮುಗಿಸಿದ್ದು. 1945ರಲ್ಲಿ ಗಾಂಧೀಜಿ, ನೆಹರೂ, ಜಿನ್ನಾ ಎಲ್ಲರೂ ಮಾತುಕತೆಗೆಂದು ಶಿಮ್ಲಾಕ್ಕೆ ಬಂದದ್ದು ಈ ಅರಮನೆಯ ಸಮ್ಮೇಳನಕ್ಕೇ. ಈಗ ಅಲ್ಲಿ ಉನ್ನತ ಅಧ್ಯಯನ ಸಂಸ್ಥೆ ಇದೆ, ದೊಡ್ಡ ದೊಡ್ಡ ವಿದ್ವಾಂಸರು ಕೂತು ಓದುವ ಜಾಗ. ಮಗಳು ತೇಗದ ಮೆಟ್ಟಿಲು ನೋಡಿ ಬಾಯಿ ಬಿಟ್ಟಳು. ನನಗೆ ಬಂದ ಯೋಚನೆಯೇ ಬೇರೆ. ಇಷ್ಟು ಕೋಣೆ ಗುಡಿಸುವವರು ಯಾರು?

ಅಲ್ಲಿಂದ ವಾಪಸು ಬರುವಾಗ ಆಕಾಶ ಬೂದಿ ಕಲೆಸಿದ ಹಾಗಿತ್ತು. ಗಾಳಿ ನಿಂತಿತು. “ಇವತ್ತು ರಾತ್ರಿ ಬರ್ಫ್ ಬೀಳುತ್ತೆ” ಅಂತ ಭಾಭಿ ಹೇಳಿದವಳೇ ಬಕೆಟ್ಟು, ಕೊಳದಪ್ಪಲೆ, ಕುಕ್ಕರು ಎಲ್ಲಕ್ಕೂ ನೀರು ತುಂಬಿಸತೊಡಗಿದಳು. ನಾವು ಕುಣಿಯುತ್ತಿದ್ದೆವು, ಅವಳು ಓಡಾಡುತ್ತಿದ್ದಳು. ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೈಜೋಡಿಸಿದೆ. “ದೀದಿ, ನಿಮಗೆ ಇದು ಎರಡು ದಿನದ ಸಂತೋಷ. ನನಗೆ ನಾಲ್ಕು ದಿನ ನೀರಿಲ್ಲ, ಕರೆಂಟಿಲ್ಲ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಬೀಳದಿದ್ದರೂ ಅಳಬೇಕು. ನಮ್ಮವರ ಅಣ್ಣಂದಿರ ಸೇಬಿನ ತೋಟ ಕೋಟ್‌ಗಢದ ಕಡೆ ಇದೆ” ಅಂದಳು.

ಸೇಬಿನ ಮರಕ್ಕೆ ಚಳಿಯೇ ಗೊಬ್ಬರವಂತೆ. ಚಳಿಗಾಲದಲ್ಲಿ ನೂರಾರು ಗಂಟೆಗಳ ಕಾಲ ಸರಿಯಾದ ಶೀತ ತಗುಲದಿದ್ದರೆ ವಸಂತದಲ್ಲಿ ಹೂವೇ ಸರಿಯಾಗಿ ಬಿಡದು. ಹಿಮ ನಿಧಾನವಾಗಿ ಕರಗಿ ಬೇರಿಗೆ ನೀರುಣಿಸುತ್ತದೆ. ಕೋಟ್‌ಗಢಕ್ಕೆ ಅಮೆರಿಕದ ಕೆಂಪು ಸೇಬನ್ನು 1916ರ ಸುಮಾರಿಗೆ ತಂದು ನೆಟ್ಟವರು ಸ್ಯಾಮುಯೆಲ್ ಸ್ಟೋಕ್ಸ್ ಎಂಬ ಅಮೆರಿಕದವರು. ಅಲ್ಲೇ ಮದುವೆಯಾಗಿ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋಗಿ, ಅಲ್ಲಿಯವರೇ ಆಗಿಬಿಟ್ಟರು. ನಮ್ಮ ಸಂತೆಯಲ್ಲಿ ‘ಶಿಮ್ಲಾ ಆಪಲ್’ ಅಂತ ಕೂಗುತ್ತಾರಲ್ಲ, ಅದರ ಹಿಂದೆ ಇಷ್ಟೆಲ್ಲ ಇದೆ ಅಂತ ನನಗೇನು ಗೊತ್ತಿತ್ತು!

ಆ ಸಂಜೆ ಏಳು ಗಂಟೆಗೆ ಕರೆಂಟು ಹೋಯಿತು. ಕೋಣೆಯ ಹೀಟರು ಸತ್ತಿತು. ಎಲ್ಲರೂ ಅಡಿಗೆಮನೆಯಲ್ಲಿ ಅಂಗೀಠಿಯ ಸುತ್ತ ಕೂತೆವು. ಅಂಗೀಠಿ ಎಂದರೆ ಬೇರೇನಲ್ಲ, ನಮ್ಮ ಅಗ್ಗಿಷ್ಟಿಕೆಯೇ. ತಗಡಿನ ಪಾತ್ರೆಯಲ್ಲಿ ಇದ್ದಿಲ ಕೆಂಡ. ಆ ಮನೆಯ ಅಜ್ಜಿ ಕಾಲುಚೀಲ ಹೆಣೆಯುತ್ತಿತ್ತು, ನಮ್ಮ ಅತ್ತೆಯವರು ಉಣ್ಣೆಯ ಉಂಡೆ ಹಿಡಿದುಕೊಂಡಿದ್ದರು. ಮಲಗುವ ಮುಂಚೆ ಭಾಭಿ ಅಂಗೀಠಿಯನ್ನು ಹೊರಗೆ ಪಡಸಾಲೆಯಲ್ಲಿಟ್ಟು ಬಂದಳು.

ಒಂದು ಕೋಣೆಯಲ್ಲಿ ನಮ್ಮವರು ಮತ್ತು ಮಗ, ಇನ್ನೊಂದರಲ್ಲಿ ನಾನು, ಮಗಳು, ಅತ್ತೆಯವರು. ಎರಡೆರಡು ರಜಾಯಿ ಹೊದ್ದರೂ ಹಲ್ಲು ಕಟಕಟ. ಅತ್ತೆಯವರು ನಡುಗುವ ಸದ್ದು ಕೇಳಲಾರದೆ ನಾನೇ ಮೆಲ್ಲಗೆ ಎದ್ದು ಹೋಗಿ ಅಂಗೀಠಿಯನ್ನು ಎತ್ತಿ ತಂದು ಮಂಚದ ಪಕ್ಕ ಇಟ್ಟೆ. ಬಾಗಿಲು ಹಾಕಿದೆ. ಕಿಟಕಿಯ ಸಂದಿಗೆ ಹಳೆಯ ಟವೆಲ್ಲು ತುರುಕಿದೆ. ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ನನ್ನ ಎರಡು ಬಾಣಂತನದಲ್ಲೂ ಮಂಚದ ಕೆಳಗೆ ಕೆಂಡ ಇಟ್ಟಿದ್ದರಲ್ಲ, ಏನಾಯಿತು ಅಂತ ಧೈರ್ಯ. ಆದರೆ ನಮ್ಮ ತೌರಿನದು ಹೆಂಚಿನ ಮನೆ, ನೂರು ಕಡೆಯಿಂದ ಗಾಳಿ ಆಡುತ್ತದೆ. ಇದು ಗಾಜು ಬಿಗಿದ, ಸಂದಿ ಮುಚ್ಚಿದ ಪುಟ್ಟ ಕೋಣೆ.

ಹಾಯಾಗಿ ಬೆಚ್ಚಗಾಯಿತು. ಕಣ್ಣು ಎಳೆಯಿತು. ಎಷ್ಟು ಹೊತ್ತಾಯಿತೋ, ಅತ್ತೆಯವರ ದನಿ ದೂರದಿಂದ ಬಂದ ಹಾಗೆ ಕೇಳಿಸಿತು. “ಲೇ, ತಲೆ ಒಡೀತದೆ ಕಣೇ.”

“ಮಲಗಿ ಅತ್ತೆ, ಬೆಳಿಗ್ಗೆ ಮಾತ್ರೆ ಕೊಡ್ತೀನಿ” ಅಂದೆ.

“ವಾಂತಿ ಬಂದಂಗಾಗ್ತದೆ.”

ನಾನು ಉತ್ತರವನ್ನೇ ಕೊಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಲೆ ಭಾರವಾಗಿತ್ತು, ಆದರೆ ಏಳುವ ಮನಸ್ಸೇ ಇರಲಿಲ್ಲ. ಸಾಲದ್ದಕ್ಕೆ ಸಿಟ್ಟು. ಇಲ್ಲಿಗೆ ಬಂದರೂ ಇವರದು ತಪ್ಪಲಿಲ್ಲ ಅಂತ. ಅವರು ಮೂರನೆಯ ಸಲ ಏನೋ ಹೇಳಿದರು. ನಾನು ಮಗ್ಗುಲಾದೆ. ಆಮೇಲೆ ಧಡ್ ಅಂತ ಸದ್ದು. ಅತ್ತೆಯವರು ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆರೆಯಲು ನೋಡಿ, ಚಿಲಕ ಸಿಗದೆ ಕುಸಿದು ಕೂತು, ಕೈಯಿಂದ ಬಾಗಿಲು ಬಡಿಯುತ್ತಿದ್ದರು. ಆ ಸದ್ದಿಗೆ ಎದ್ದು ತಡಕಾಡಿ ಚಿಲಕ ತೆಗೆದದ್ದು ನಾನೇ. ಆದರೆ ನಿಲ್ಲಲು ಕಾಲಿಗೆ ಬಲವಿರಲಿಲ್ಲ. ಅಷ್ಟರಲ್ಲಿ ಭಾಭಿ ಟಾರ್ಚು ಹಿಡಿದು ಬಂದಳು. ಒಳಗೆ ಅಂಗೀಠಿ ಕಂಡದ್ದೇ ತಡ, ಅವಳು ಕಿರುಚಿದ ಕಿರುಚು ಈಗಲೂ ಕಿವಿಯಲ್ಲಿದೆ. ಬರಿಗೈಯಲ್ಲೇ ಅದನ್ನು ಎಳೆದು ಹೊರಗೆ ತಳ್ಳಿದಳು. ಕಿಟಕಿ ತೆರೆದಳು. ಮಗಳನ್ನು ಕೆನ್ನೆ ತಟ್ಟಿ ಎಬ್ಬಿಸಿದಳು. ಅವಳು ಒಂದು ಕರೆಗೆ ಏಳಲಿಲ್ಲ ಕಣ್ರೀ. ಎರಡಕ್ಕೂ ಏಳಲಿಲ್ಲ. ಮೂರನೆಯದಕ್ಕೆ ಕಣ್ಣು ಬಿಟ್ಟು, “ಏನಮ್ಮಾ?” ಅಂದಳು. ಅಷ್ಟು ಹೊತ್ತಿನಲ್ಲಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತೆನೋ ಲೆಕ್ಕವಿಲ್ಲ.

ನಮ್ಮನ್ನೆಲ್ಲ ಪಡಸಾಲೆಯ ಚಳಿಯಲ್ಲಿ ರಜಾಯಿ ಸುತ್ತಿ ಕೂರಿಸಿ ಭಾಭಿ ಚೆನ್ನಾಗಿ ಬೈದಳು. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯೂ ಕಾಣಬೇಕಾಗಿಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು, ಆಮೇಲೆ ಏಳುವುದೇ ಇಲ್ಲ. ಪ್ರತಿ ಚಳಿಗಾಲವೂ ಉತ್ತರದ ಕಡೆ ಹೀಗೆ ಮಲಗಿದಲ್ಲೇ ಸಂಸಾರಗಳು ಹೋಗುವುದುಂಟು. ಕಿಟಕಿ ಸ್ವಲ್ಪ ತೆರೆದಿದ್ದರೆ ಸಾಕು ಎನ್ನುವ ಧೈರ್ಯವೂ ಬೇಡ, ಮಲಗುವ ಕೋಣೆಗೆ ಕೆಂಡ ಬೇಡವೇ ಬೇಡ. ನಮ್ಮಲ್ಲಿ ಈಗ ತಾರಸಿ ಮನೆಗಳಾಗಿವೆ. ಅದೇ ಹಳೆಯ ರೂಢಿಯಲ್ಲಿ ಬಾಣಂತಿ ಕೋಣೆಯ ಬಾಗಿಲು ಕಿಟಕಿ ಬಿಗಿದು, ಹಸುಗೂಸಿನ ಪಕ್ಕ ಕೆಂಡ ಇಡುವವರು ದಯವಿಟ್ಟು ಇದನ್ನು ಇನ್ನೊಂದು ಸಲ ಓದಿ. ಯಾರಿಗಾದರೂ ಹೀಗಾದರೆ ಮೊದಲು ಹೊರಗಿನ ಗಾಳಿಗೆ ತನ್ನಿ, ತಕ್ಷಣ ಡಾಕ್ಟರಿಗೆ ತೋರಿಸಿ. ನಾವು ಮಾರನೆಯ ಬೆಳಿಗ್ಗೆ ತೋರಿಸಿದೆವು. ಭಾಭಿಯ ಗಂಡ ಅತ್ತೆಯವರ ತೋಳು ಹಿಡಿದು ಹಿಮದಲ್ಲಿ ಒಂದೊಂದೇ ಹೆಜ್ಜೆ ನಡೆಸಿಕೊಂಡು ಹೋದರು. ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ.

ಅಂದ ಹಾಗೆ, ನಾವು ನೋಡಲು ಬಂದಿದ್ದ ಹಿಮ ಬಿದ್ದದ್ದು ಆಗಲೇ. ನಾವು ಪಡಸಾಲೆಯಲ್ಲಿ ಅಳುತ್ತಾ ಕೂತಿದ್ದಾಗ. ಮಳೆಯಾದರೆ ಹೆಂಚಿನ ಮೇಲೆ ಸದ್ದಾಗುತ್ತದೆ, ಇದು ಸದ್ದೇ ಇಲ್ಲ. ಬೆಳಕು ಹರಿಯುವಾಗ ಅತ್ತೆಯವರೇ ಮೊದಲು ಕಂಡದ್ದು. “ಇಲ್ಲಿ ನೋಡೇ, ಯಾರೋ ಊರಿಗೆಲ್ಲ ಕೊಬ್ಬರಿ ತುರಿದು ಚೆಲ್ಲಿದಂಗದೆ!” ನಿಜವಾಗಿಯೂ ಹಾಗೇ ಇತ್ತು. ಮೆಟ್ಟಿಲಿಲ್ಲ, ದಾರಿಯಿಲ್ಲ, ಕೆಳಗಿನ ಮನೆಯ ತಾರಸಿಯೂ ನಮ್ಮ ಅಂಗಳವೂ ಒಂದೇ. ದೇವದಾರು ಮರದ ಒಂದೊಂದು ಕೊಂಬೆಯ ಮೇಲೂ ಬಿಳಿಯ ಹಾಸಿಗೆ. ಕಾಲಿಟ್ಟರೆ ಮೀನಖಂಡದವರೆಗೆ ಹೂತುಹೋಯಿತು. ಮಕ್ಕಳು ಡಾಕ್ಟರ ಹತ್ತಿರದಿಂದ ಬಂದವರೇ ಆಟಕ್ಕೆ ಇಳಿದರು. ಅತ್ತೆಯವರು ಸೀರೆಯ ಒಳಗೆ ಮೊಮ್ಮಗನ ಟ್ರ್ಯಾಕ್ ಪ್ಯಾಂಟು, ಮೇಲೆ ಮಗನ ಕೋಟು ಹಾಕಿಕೊಂಡು ಒಂದು ಹಿಡಿ ಹಿಮ ತೆಗೆದು ಕಣ್ಣಿಗೊತ್ತಿಕೊಂಡರು. “ಸ್ನಾನ ಆದಂಗೇ ಆಯ್ತು, ಇವತ್ತು ನೀರು ಕಾಸಬೇಡ” ಅಂದರು. ಸ್ನಾನವಿಲ್ಲದೆ ಕಾಫಿ ಮುಟ್ಟದವರು! ನಾನು ಕಾಫಿ ಲೋಟ ಕೊಡುವಾಗ ಏನೋ ಹೇಳಬೇಕೆಂದುಕೊಂಡೆ, ಗಂಟಲು ಕಟ್ಟಿತು. ಅವರೇ, “ಸಕ್ಕರೆ ಕಮ್ಮಿ ಆಗೈತೆ” ಅಂದರು.

ಎರಡು ದಿನ ರಸ್ತೆ ಬಂದ್. ಕುಫ್ರಿಗೆ ಹೋಗುವ ಆಸೆ ಅಲ್ಲಿಗೇ ಬಿಟ್ಟೆವು. ನಲ್ಲಿಯಲ್ಲಿ ನೀರಿಲ್ಲ. ತೊಟ್ಟಿಕ್ಕಲು ಬಿಟ್ಟಿದ್ದರೂ ಪೈಪು ಕಟ್ಟಿತ್ತು. ನಾನೂ ಭಾಭಿಯೂ ಹಿಮ ತುಂಬಿಸಿ ಕರಗಿಸಿ ಪಾತ್ರೆ ತೊಳೆದೆವು. ಒಂದು ದೊಡ್ಡ ದಬರಿ ತುಂಬ ಹಿಮ ಕರಗಿಸಿದರೆ ಸಿಗುವುದು ತಳದಲ್ಲಿ ಸ್ವಲ್ಪ ನೀರು! ಅವಳ ಗಂಡ, ನಮ್ಮವರು, ಮಗ ಸೇರಿ ಸಲಿಕೆಯಿಂದ ಮೆಟ್ಟಿಲು ಬಿಡಿಸಿದರು. ಪ್ರವಾಸದಲ್ಲಿ ನನಗೆ ಬಹಳ ಹಿಡಿಸಿದ ದಿನಗಳು ಯಾವುವು ಎಂದರೆ ಇವೇ.

ಆಗಲೇ ಭಾಭಿ ಸಿಡ್ಡು ಮಾಡಿ ಹಾಕಿದ್ದು. ಗೋಧಿ ಹಿಟ್ಟಿಗೆ ಈಸ್ಟು, ಉಪ್ಪು, ಉಗುರುಬೆಚ್ಚಗಿನ ನೀರು ಹಾಕಿ ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲೆಸಿ ಉಬ್ಬಲು ಬಿಡಬೇಕು. ಆ ಚಳಿಯಲ್ಲಿ ಅದು ತಾನಾಗಿ ಉಬ್ಬದು. ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಮಗುವನ್ನು ಮಲಗಿಸಿದ ಹಾಗೆ ಇಟ್ಟಳು. ನಮ್ಮ ಕಡೆ ಒಂದು ಗಂಟೆ ಸಾಕು. ಅಕ್ರೋಟನ್ನು ತರಿತರಿಯಾಗಿ ಕುಟ್ಟಿ ಹಸಿಮೆಣಸು, ಕೊತ್ತಂಬರಿ ಸೊಪ್ಪು, ಉಪ್ಪು ಬೆರೆಸಿ ಹೂರಣ. ನೆನೆಸಿ ರುಬ್ಬಿದ ಉದ್ದಿನ ಬೇಳೆಯನ್ನೂ ಹಾಕುವುದುಂಟು. ಹಿಟ್ಟನ್ನು ದಪ್ಪಗೆ ತಟ್ಟಿ, ಹೂರಣವಿಟ್ಟು, ಅರ್ಧ ಚಂದ್ರದಂತೆ ಮಡಿಸಿ ಅಂಚು ಒತ್ತಿ, ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿದರೆ ಆಯಿತು. ಬಿಸಿಬಿಸಿ ಇರುವಾಗಲೇ ಮುರಿದು ಧಾರಾಳವಾಗಿ ತುಪ್ಪ ಸುರಿಯಬೇಕು. ಅತ್ತೆಯವರು ಒಂದು ಚೂರು ಬಾಯಿಗಿಟ್ಟು, “ಇದು ನಮ್ಮ ಕಡುಬೇ ಕಣೇ, ಹೆಸರು ಬೇರೆ” ಅಂದರು. ಎರಡನೆಯ ದಿನ ಅಕ್ರೋಟಿನ ಜೊತೆ ನಮ್ಮ ಕೊಬ್ಬರಿಯನ್ನೂ ತುರಿದು ಹಾಕಿಸಿದರು. ಆ ಮನೆಯ ಅಜ್ಜಿ ನಾಲ್ಕು ತಿಂದಿತು! ಅಕ್ರೋಟು ದುಬಾರಿ ಅನ್ನುವವರು ಕಡಲೆಕಾಯಿ ಬೀಜ ಹಾಕಿ. ನಾನು ಊರಲ್ಲಿ ಹಾಗೇ ಮಾಡುತ್ತೇನೆ.

ಹನ್ನೊಂದನೆಯ ತಾರೀಖು ಹೊರಟೆವು. ಆ ಅಜ್ಜಿ ಹೆಣೆಯುತ್ತಿದ್ದ ಕಾಲುಚೀಲ ನಮ್ಮ ಅತ್ತೆಯವರಿಗೇ ಅಂತ ಆಗ ಗೊತ್ತಾಯಿತು. ಇಬ್ಬರೂ ಬಾಗಿಲಲ್ಲಿ ಕೈ ಹಿಡಿದುಕೊಂಡು ಅವರವರ ಭಾಷೆಯಲ್ಲಿ ಏನೇನೋ ಹೇಳಿಕೊಂಡರು. ಭಾಭಿಯ ಎಡಗೈಯ ಬೆರಳುಗಳಿಗೆ ಅಂಗೀಠಿ ಎಳೆದಾಗಿನ ಸುಟ್ಟ ಗಾಯಕ್ಕೆ ಇನ್ನೂ ಬಟ್ಟೆ ಸುತ್ತಿತ್ತು. ನಾನು ಅದನ್ನು ಹಿಡಿದು ನಿಂತೆ. ನನಗೆ ಬರುವ ಹಿಂದಿಯಲ್ಲಿ ಅದಕ್ಕೆ ಮಾತಿರಲಿಲ್ಲ, ಕನ್ನಡದಲ್ಲೂ ಇರಲಿಲ್ಲ.

ಆ ವರ್ಷ ಸಂಕ್ರಾಂತಿಯ ಎಳ್ಳಿಗೆ ಹೆಚ್ಚಲು ಮನೆಯಲ್ಲಿ ಕೊಬ್ಬರಿ ಸಾಲದೆ ಪಕ್ಕದ ಮನೆಯಿಂದ ತಂದೆವು. ಎರಡು ತಿಂಗಳಿಗೆ ಕೊರೋನಾ ಬಂದು ಎಲ್ಲರೂ ಮನೆಯೊಳಗಾದೆವು. ಆಗೆಲ್ಲ ನಮಗೆ ಮಾತಾಡಲು ಇದ್ದದ್ದು ಶಿಮ್ಲಾವೊಂದೇ. ಭಾಭಿ ಈಗಲೂ ಫೋನು ಮಾಡುತ್ತಾಳೆ. 2024ರ ಜನವರಿಯಲ್ಲಿ ಹಿಮಾಚಲದಲ್ಲಿ ಮಳೆಯೂ ಇಲ್ಲ, ಹಿಮವೂ ಇಲ್ಲ ಎನ್ನುವಂತಾಗಿತ್ತು. “ದೀದಿ, ನಲ್ಲಿ ನೀರು ಚೆನ್ನಾಗಿ ಬರ್ತಾ ಇದೆ, ತೋಟದವರು ಅಳ್ತಾ ಇದ್ದಾರೆ” ಅಂದಿದ್ದಳು. ಅಂದಿನಿಂದ ಸಂತೆಯಲ್ಲಿ ಸೇಬಿನ ಬೆಲೆ ಏರಿದರೆ ನಾನು ಅಂಗಡಿಯವನ ಜೊತೆ ಜಗಳವಾಡುವುದು ಬಿಟ್ಟಿದ್ದೇನೆ.

ಅತ್ತೆಯವರಿಗೆ ಈಗ ಎಂಬತ್ತರ ಹತ್ತಿರ. ಮಾಗಿ ಚಳಿ ಬಿದ್ದರೆ ಆ ಕಾಲುಚೀಲ ಹೊರಗೆ ಬರುತ್ತದೆ. ಹಿಮ್ಮಡಿ ಸವೆದಿತ್ತು, ಕಳೆದ ವರ್ಷ ಬೇರೆ ಬಣ್ಣದ ಉಣ್ಣೆಯಲ್ಲಿ ನಾನೇ ಹೊಲಿದುಕೊಟ್ಟೆ. ಬಣ್ಣ ಸರಿಹೊಂದಲಿಲ್ಲ ಅಂತ ಗೊಣಗಿದರು. ತಲೆನೋವು, ಬೆನ್ನುನೋವು ಎಲ್ಲ ಮೊದಲಿನ ಹಾಗೇ ಇದೆ, ದಿನಕ್ಕೆ ಹತ್ತು ಸಲ. ಹತ್ತರಲ್ಲಿ ಎಂಟು ಸಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ ನೋಡುತ್ತೇನೆ. ಉಳಿದೆರಡು ಸಲಕ್ಕೆ ಅವರ ಮಗನನ್ನು ಕಳಿಸುತ್ತೇನೆ.